ಕೈಕೊಡು ಎಂದ ಯೇಹು: ಜಾನ್ ವೆಸ್ಲಿಯವರ ಒಂದು ಪ್ರಸಂಗದ ವಿಮರ್ಶೆ

ವರ್ಷವರ್ಷವೂ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥಿಸುವ ಸಪ್ತಾಹ ಬಂದಾಗ, ನಮ್ಮ ಉಪದೇಶಪೀಠಗಳಲ್ಲಿ ಜಾನ್ ವೆಸ್ಲಿಯವರ ಹೆಸರು ತಪ್ಪದೆ ಕೇಳಿಬರುತ್ತದೆ. ವಿಚಾರದಲ್ಲಿ ಒಂದಾಗದವರೂ ಪ್ರೀತಿಯಲ್ಲಿ ಒಂದಾಗಬಹುದು ಎಂಬರ್ಥದ ಅವರ ಮಾತನ್ನು ಯಾರೋ ಒಬ್ಬರು ಉದ್ಧರಿಸುತ್ತಾರೆ, ಸಭೆಯು ತಲೆದೂಗುತ್ತದೆ, ಆರಾಧನೆಯ ಅನಂತರ ಚಹಾ ಕುಡಿದು ಎಲ್ಲರೂ ತಮ್ಮ ತಮ್ಮ ಸಭೆಗಳಿಗೆ ಹಿಂದಿರುಗುತ್ತಾರೆ. ಈ ಮಾತು ಬರುವುದು ವೆಸ್ಲಿಯವರು 1750ರಲ್ಲಿ ಪ್ರಕಟಿಸಿದ ‘ಕ್ಯಾಥೊಲಿಕ್ ಸ್ಪಿರಿಟ್’, ಅಂದರೆ ‘ಸಾರ್ವತ್ರಿಕ ಮನೋಭಾವ’ ಎಂಬ ಪ್ರಸಂಗದಲ್ಲಿ. ಅದನ್ನು ಉದ್ಧರಿಸುವವರಷ್ಟು ಮಂದಿ ಅದನ್ನು ಆದ್ಯಂತವಾಗಿ ಓದಿದ್ದಾರೆಂದು ನಮಗೆ ತೋರುವುದಿಲ್ಲ. ಓದಿದ್ದರೆ ಅದರ ಬಲವೂ ಕಾಣುತ್ತಿತ್ತು, ಅದರ ಕೊರತೆಯೂ ಕಾಣುತ್ತಿತ್ತು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ನೆಟ್ಟ ಸಭೆಗಳು ಇಂದು ದಕ್ಷಿಣ ಭಾರತ ಸಭೆಯೊಳಗೆ ಇವೆ. ಆದಕಾರಣ ಈ ಪ್ರಸಂಗವು ಕನ್ನಡ ಕ್ರೈಸ್ತರಿಗೆ ದೂರದ ದೇಶದ ಗ್ರಂಥವಲ್ಲ, ಮನೆಯ ಹಿರಿಯರ ಕಾಗದಪತ್ರಗಳಲ್ಲಿ ಒಂದು. ಹಿರಿಯರ ಕಾಗದವೆಂದ ಮೇಲೆ ಅದರಲ್ಲಿರುವ ಸಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮೊದಲು ಅದರ ಬಲವನ್ನು ಹೇಳೋಣ. ಅರಸುಗಳ ಎರಡನೆಯ ಗ್ರಂಥದ 10ನೆಯ ಅಧ್ಯಾಯದ 15ನೆಯ ವಚನವೇ ಪ್ರಸಂಗದ ಆಧಾರವಾಕ್ಯ. ಯೇಹುವು ದಾರಿಯಲ್ಲಿ ರೇಕಾಬನ ಮಗನಾದ ಯೆಹೋನಾದಾಬನನ್ನು ಕಂಡು, ನಿನ್ನ ಹೃದಯವು ನನ್ನ ವಿಷಯದಲ್ಲಿ ಯಥಾರ್ಥವಾಗಿದೆಯೋ ಎಂದು ಕೇಳುತ್ತಾನೆ. ಹೌದೆಂದಾಗ ಕೈಕೊಡು ಎನ್ನುತ್ತಾನೆ. ವೆಸ್ಲಿಯವರು ಈ ಪ್ರಶ್ನೆಯನ್ನೂ ಈ ಆಹ್ವಾನವನ್ನೂ ಬೇರೆ ಬೇರೆಯಾಗಿ ಬಿಡಿಸುತ್ತಾರೆ. ಯೇಹುವು ಯೆಹೋನಾದಾಬನ ಅಭಿಪ್ರಾಯಗಳನ್ನು ವಿಚಾರಿಸಲಿಲ್ಲ, ಅವನ ಆರಾಧನಾಕ್ರಮವನ್ನು ವಿಚಾರಿಸಲಿಲ್ಲ ಎಂಬುದನ್ನು ಅವರು ಗುರುತಿಸುತ್ತಾರೆ. ಬಿಷಪರ ಆಳ್ವಿಕೆಯೇ ಸರಿಯೋ, ಹಿರಿಯರ ಆಳ್ವಿಕೆಯೋ, ಸ್ವತಂತ್ರ ಸಭೆಯೋ. ಪುಸ್ತಕ ನೋಡಿ ಪ್ರಾರ್ಥಿಸಬೇಕೋ ಬೇಡವೋ. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೋ ಇಲ್ಲವೋ. ಇವೆಲ್ಲವೂ ಸದ್ಯಕ್ಕೆ ಬದಿಗಿರಲಿ, ಅನುಕೂಲವಾದ ಇನ್ನೊಂದು ಕಾಲದಲ್ಲಿ ಮಾತಾಡೋಣ ಎನ್ನುತ್ತಾರೆ. ಆದರೆ ಅವರು ಬದಿಗಿರಿಸದ ಸಂಗತಿಗಳ ಪಟ್ಟಿಯನ್ನು ನಮ್ಮ ಐಕ್ಯಸಪ್ತಾಹದ ಪ್ರಸಂಗಿಗಳು ಮರೆಯುತ್ತಾರೆ. ಹೃದಯವು ಯಥಾರ್ಥವೇ ಎಂಬ ಪ್ರಶ್ನೆಯೊಳಗೆ ವೆಸ್ಲಿಯವರು ದೇವರ ಇರುವಿಕೆಯನ್ನೂ ಗುಣಗಳನ್ನೂ, ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನಲ್ಲಿಡುವ ನಂಬಿಕೆಯನ್ನೂ, ಸ್ವನೀತಿಯನ್ನು ಬಿಟ್ಟು ದೇವರ ನೀತಿಗೆ ಅಧೀನವಾಗುವುದನ್ನೂ, ಶತ್ರುವನ್ನು ಪ್ರೀತಿಸುವುದನ್ನೂ, ಆ ಪ್ರೀತಿಯನ್ನು ಕ್ರಿಯೆಯಲ್ಲಿ ತೋರಿಸುವುದನ್ನೂ ಸೇರಿಸುತ್ತಾರೆ. ಸಿದ್ಧಾಂತವಿಲ್ಲದ ಪ್ರೀತಿಯನ್ನು ಅವರು ಬೋಧಿಸಿದರೆಂದು ಹೇಳುವವರು ಪ್ರಸಂಗದ ಮೊದಲ ಭಾಗವನ್ನೇ ಓದಿಲ್ಲ.

ಕೈಕೊಡು ಎಂಬುದರ ವಿವರಣೆ ಇನ್ನೂ ಬಿಗಿಯಾದದ್ದು. ನನ್ನ ಅಭಿಪ್ರಾಯಕ್ಕೆ ಬಾ ಎಂದಾಗಲಿ ನಿನ್ನ ಅಭಿಪ್ರಾಯಕ್ಕೆ ನಾನು ಬರುತ್ತೇನೆಂದಾಗಲಿ ಅದರ ಅರ್ಥವಲ್ಲ. ನನ್ನನ್ನು ಸಹೋದರನೆಂದು ಪ್ರೀತಿಸು, ನನಗಾಗಿ ಪ್ರಾರ್ಥಿಸು, ಪ್ರೀತಿಗೂ ಸತ್ಕ್ರಿಯೆಗೂ ನನ್ನನ್ನು ಪ್ರೇರಿಸು, ಬರಿಯ ಮಾತಿನಿಂದಲ್ಲದೆ ಕೆಲಸದಿಂದ ಪ್ರೀತಿಸು ಎಂದು ಅದು ಬಿಚ್ಚಿಕೊಳ್ಳುತ್ತದೆ. ಮೂರನೆಯದರೊಳಗೆ ಗದರಿಕೆಯೂ ಸೇರಿದೆ: ತಪ್ಪಿ ನಡೆದಾಗ ಸ್ನೇಹಿತನಾಗಿ ನನ್ನನ್ನು ಹೊಡೆ, ತಿದ್ದು ಎಂದು ಕೇಳಿಕೊಳ್ಳುವ ಪ್ರೀತಿ ಅದು. ಕೊನೆಯ ಭಾಗದಲ್ಲಿ ಅವರು ಎಲ್ಲ ಅಭಿಪ್ರಾಯಗಳೂ ಒಂದೇ ಎನ್ನುವ ಉದಾಸೀನತೆಯನ್ನು ಬಹು ಕಟುವಾಗಿ ಖಂಡಿಸುತ್ತಾರೆ. ಮನಸ್ಸು ಮಂಜಿನಂತಿರುವವನು ಸಾರ್ವತ್ರಿಕ ಮನೋಭಾವದವನಲ್ಲ. ತನ್ನ ನಂಬಿಕೆಯಲ್ಲಿ ಸ್ಥಿರವಾಗಿ ನಿಂತವನು ಮಾತ್ರ ಇನ್ನೊಬ್ಬನಿಗೆ ಕೈಚಾಚಬಲ್ಲನು. ಇದು ಸುಲಭವಾಗಿ ಬಂದ ಮಾತಲ್ಲ. ಹಿಂದಿನ ವರ್ಷ, 1749ರಲ್ಲಿ, ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಮೆಥೊಡಿಸ್ಟರ ಮೇಲೆ ಗುಂಪುಗಳು ಬಿದ್ದು ಹೊಡೆದಿದ್ದವು. ಅದೇ ವರ್ಷ ವೆಸ್ಲಿಯವರು ಡಬ್ಲಿನ್ನಿನಿಂದ ರೋಮನ್ ಕಥೋಲಿಕನೊಬ್ಬನಿಗೆ ಬರೆದ ಬಹಿರಂಗ ಪತ್ರವು ಇಂದಿಗೂ ಓದತಕ್ಕದ್ದು.

ಇಷ್ಟನ್ನು ಒಪ್ಪಿಕೊಂಡ ಮೇಲೆ ನಮ್ಮ ಮೊದಲ ಆಕ್ಷೇಪಣೆಯನ್ನು ಮುಂದಿಡುತ್ತೇವೆ. ಆಧಾರವಾಕ್ಯದ ಆಯ್ಕೆಯೇ ಪ್ರಸಂಗಕ್ಕೆ ವಿರೋಧವಾಗಿ ಸಾಕ್ಷಿ ಹೇಳುತ್ತದೆ. ಯೇಹುವಿನ ಗುಣದಲ್ಲಿ ಒಳ್ಳೆಯದೂ ಕೆಟ್ಟದ್ದೂ ಬೆರೆತಿತ್ತೆಂದು ವೆಸ್ಲಿಯವರು ಒಂದೇ ಮಾತಿನಲ್ಲಿ ಹೇಳಿ, ಈ ಒಂದು ವಿಷಯದಲ್ಲಿ ಅವನು ಅನುಸರಣೆಗೆ ಯೋಗ್ಯನೆಂದು ಮುಂದೆ ಸಾಗುತ್ತಾರೆ. ಅಧ್ಯಾಯವು ಹಾಗೆ ಸಾಗಗೊಡುವುದಿಲ್ಲ. ಈ ಭೇಟಿಗೆ ಮುಂಚೆ ಅಹಾಬನ 70 ಮಂದಿ ಗಂಡುಮಕ್ಕಳ ತಲೆಗಳು ಬುಟ್ಟಿಗಳಲ್ಲಿ ಇಜ್ರೇಲಿಗೆ ಬಂದಿವೆ. ಅಹಜ್ಯನ ಬಂಧುಗಳಾದ 42 ಮಂದಿ ಬಾವಿಯ ಬಳಿಯಲ್ಲಿ ವಧೆಯಾಗಿದ್ದಾರೆ. ಯೇಹುವಿನ ಕೈ ಆ ಕೆಲಸದಿಂದ ಬಿಡುವು ಪಡೆದ ಗಳಿಗೆಯಲ್ಲಿ ಯೆಹೋನಾದಾಬನ ಕಡೆಗೆ ಚಾಚುತ್ತದೆ. ಅವನನ್ನು ರಥಕ್ಕೆ ಹತ್ತಿಸಿಕೊಂಡು, ಕರ್ತನಿಗಾಗಿ ತನಗಿರುವ ಆಸಕ್ತಿಯನ್ನು ನೋಡಬಾರೆಂದು ಕರೆಯುತ್ತಾನೆ. ಮುಂದೆ ನೋಡಲು ಸಿಕ್ಕಿದ್ದೇನು? ಸಮಾರ್ಯದಲ್ಲಿ ಉಳಿದವರ ಕೊಲೆ, ಬಾಳನ ಭಕ್ತರನ್ನು ಯಜ್ಞದ ನೆಪದಲ್ಲಿ ಮೋಸದಿಂದ ಕೂಡಿಸಿದ್ದು, ಹೊರಗೆ ಕಾವಲು ನಿಂತ 80 ಮಂದಿ, ಆಮೇಲೆ ಕತ್ತಿ. ಬಾಳನ ಗುಡಿಯೊಳಕ್ಕೆ ಯೇಹುವಿನೊಂದಿಗೆ ಯೆಹೋನಾದಾಬನೂ ಹೋದನೆಂದು 23ನೆಯ ವಚನವು ತಿಳಿಸುತ್ತದೆ. ರಾಜನ ಕೈಹಿಡಿದವನು ರಾಜನ ಕೆಲಸಕ್ಕೂ ಸಾಕ್ಷಿಯಾದನು.

ಇದಕ್ಕಿಂತ ತೀಕ್ಷ್ಣವಾದ ವ್ಯಂಗ್ಯವೊಂದು 31ನೆಯ ವಚನದಲ್ಲಿದೆ. ಮತ್ತೊಬ್ಬನ ಹೃದಯವು ಯಥಾರ್ಥವೇ ಎಂದು ಕೇಳಿದ ಯೇಹುವು ತಾನೇ ಪೂರ್ಣಹೃದಯದಿಂದ ದೇವರ ಧರ್ಮಶಾಸ್ತ್ರದಲ್ಲಿ ನಡೆಯಲಿಲ್ಲವೆಂದು ಗ್ರಂಥಕರ್ತನು ತೀರ್ಪುಕೊಡುತ್ತಾನೆ. ಹೃದಯವನ್ನು ವಿಚಾರಿಸಿದವನ ಹೃದಯವನ್ನೇ ಶಾಸ್ತ್ರವು ವಿಚಾರಿಸುತ್ತದೆ. ಮುಂದೆ ಹೋಶೇಯನ ಬಾಯಿಂದ (1:4) ಇಜ್ರೇಲಿನ ರಕ್ತಕ್ಕಾಗಿ ಯೇಹುವಿನ ಮನೆತನಕ್ಕೆ ದಂಡನೆಯ ಘೋಷಣೆ ಬರುತ್ತದೆ. ಅಹಾಬನ ಮನೆಯನ್ನು ಕುರಿತು ಯೇಹು ಮಾಡಿದ್ದನ್ನು ಮೆಚ್ಚುವ ಮಾತು 30ನೆಯ ವಚನದಲ್ಲಿದೆಯಲ್ಲಾ ಎಂದು ಕೇಳಬಹುದು, ಇದೆ. ಆ ಎರಡು ಸಾಕ್ಷಿಗಳನ್ನು ಹೇಗೆ ಒಟ್ಟಿಗೆ ಹಿಡಿಯಬೇಕೆಂಬುದು ಹಳೆಯ ಒಡಂಬಡಿಕೆಯ ತರಗತಿಯಲ್ಲಿ ಕಲಿಯಬೇಕಾದ ಸಂಗತಿ. ನಮಗೆ ಇಲ್ಲಿ ಬೇಕಾದದ್ದು ಇಷ್ಟು: ಈ ಐಕ್ಯವು ಮೂರನೆಯವನೊಬ್ಬನ ವಿರುದ್ಧ ಕಟ್ಟಿದ ಐಕ್ಯ. ಇಬ್ಬರು ಭಿನ್ನಾಭಿಪ್ರಾಯವನ್ನು ಬದಿಗಿಟ್ಟು ಕೈಹಿಡಿದಾಗ ಆ ರಥವು ಯಾರ ಮೇಲೆ ಹರಿಯುತ್ತದೆಂದು ಕೇಳುವ ಹೊಣೆ ನಮಗುಂಟು. ಕನ್ನಡದಲ್ಲಿ ಕೈಕೊಡು ಎಂಬ ಮಾತಿಗೆ ನೆರವಿಗೆ ಬರುವುದೆಂಬ ಅರ್ಥವೂ ಉಂಟು, ನಂಬಿದವನನ್ನು ನಡುನೀರಿನಲ್ಲಿ ಬಿಡುವುದೆಂಬ ಅರ್ಥವೂ ಉಂಟು. ವೆಸ್ಲಿಯವರಿಗೆ ಕನ್ನಡ ಬಂದಿದ್ದರೆ ಆಧಾರವಾಕ್ಯವನ್ನು ಬದಲಿಸುತ್ತಿದ್ದರೋ ಏನೋ.

ಪ್ರಸಂಗವನ್ನು ಪ್ರಸಂಗಿಯ ಜೀವಿತದ ಪಕ್ಕದಲ್ಲಿಟ್ಟು ನೋಡುವುದು ಸರಿಯಲ್ಲವೆಂದು ಕೆಲವರು ಹೇಳಿಯಾರು. ಆದರೆ ಪ್ರೀತಿಯು ಕ್ರಿಯೆಯಲ್ಲಿ ಕಾಣಬೇಕೆಂದು ಬೋಧಿಸುವ ಪ್ರಸಂಗವು ತಾನಾಗಿಯೇ ಆ ಪರೀಕ್ಷೆಯನ್ನು ಕೇಳಿಕೊಳ್ಳುತ್ತದೆ. ಜಾರ್ಜ್ ವಿಟ್‌ಫೀಲ್ಡರು 1739ರಲ್ಲಿ ವೆಸ್ಲಿಯವರನ್ನು ಬ್ರಿಸ್ಟಲಿಗೆ ಕರೆದು, ಬಯಲಿನಲ್ಲಿ ಸುವಾರ್ತೆ ಸಾರುವುದಕ್ಕೆ ದಾರಿ ತೋರಿಸಿದವರು. ಆ ವರ್ಷದ ಏಪ್ರಿಲಿನಲ್ಲಿಯೇ ವೆಸ್ಲಿಯವರು ಆ ಊರಿನಲ್ಲಿ ‘ಉಚಿತ ಕೃಪೆ’ಯನ್ನು ಕುರಿತು ಪ್ರಸಂಗಿಸಿ, ವಿಟ್‌ಫೀಲ್ಡರು ನಂಬಿದ್ದ ಪೂರ್ವನಿರ್ಣಯದ ಸಿದ್ಧಾಂತವು ದೇವದೂಷಣೆಯಿಂದ ತುಂಬಿದ್ದೆಂದೂ, ದೇವರನ್ನು ಸೈತಾನನಿಗಿಂತ ಕೆಟ್ಟವನನ್ನಾಗಿ ಮಾಡುತ್ತದೆಂದೂ ಸಾರಿದರು. ಅಚ್ಚುಹಾಕಬೇಡಿರೆಂದು ಗೆಳೆಯರು ಬೇಡಿಕೊಂಡಿದ್ದರು. ವೆಸ್ಲಿಯವರು ಚೀಟು ಹಾಕಿ ನೋಡಿ, ವಿಟ್‌ಫೀಲ್ಡರು ಅಮೆರಿಕಕ್ಕೆ ಹೊರಟ ಮೇಲೆ ಅದನ್ನು ಪ್ರಕಟಿಸಿದರು. ವಿಟ್‌ಫೀಲ್ಡರು ಜಾರ್ಜಿಯದ ಬೆಥೆಸ್ದದಿಂದ 1740ರ ಡಿಸೆಂಬರ್ 24ರಂದು ಉತ್ತರ ಬರೆದರು. ಅದರಲ್ಲಿ ವೆಸ್ಲಿಯವರು ಖಾಸಗಿಯಾಗಿ ಹಾಕಿದ್ದ ಚೀಟಿನ ವಿಷಯವನ್ನು ಬಹಿರಂಗಪಡಿಸಿ, ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. 1741ರ ಮಾರ್ಚಿಯಲ್ಲಿ ಇಬ್ಬರೂ ಲಂಡನಿನಲ್ಲಿ ಭೇಟಿಯಾದಾಗ, ನಾವಿಬ್ಬರೂ ಎರಡು ಬೇರೆ ಸುವಾರ್ತೆಗಳನ್ನು ಸಾರುತ್ತಿದ್ದೇವೆ, ಅನ್ಯೋನ್ಯತೆಯ ಬಲಗೈಯನ್ನು ಕೊಡಲಾರೆನೆಂದು ವಿಟ್‌ಫೀಲ್ಡರು ಹೇಳಿದರು. ಒಂಬತ್ತು ವರ್ಷಗಳ ಅನಂತರ ವೆಸ್ಲಿಯವರು ಅಚ್ಚುಹಾಕಿದ ಪ್ರಸಂಗದ ನಡುವಿನಲ್ಲಿ ನಿಂತ ಕೈ, ಹಿಂದೊಮ್ಮೆ ಅವರಿಗೇ ನಿರಾಕರಿಸಲ್ಪಟ್ಟ ಕೈ. ಇದನ್ನು ತಿಳಿದು ಓದುವವನಿಗೆ ಪ್ರಸಂಗದ ಧ್ವನಿ ಬೇರೆಯಾಗಿ ಕೇಳಿಸುತ್ತದೆ. ಅದು ನೊಂದವನ ಮಾತು, ನೋಯಿಸಿದವನ ಮಾತೂ ಹೌದು.

ಅಷ್ಟರಲ್ಲಿ ಅವರಿಬ್ಬರೂ ಸಮಾಧಾನವಾಗಿದ್ದರು. ಸಿದ್ಧಾಂತದಲ್ಲಿ ಒಬ್ಬರೂ ಒಂದು ಹೆಜ್ಜೆ ಕದಲದೆ ಸಮಾಧಾನವಾಗಿದ್ದರು. ವಿಟ್‌ಫೀಲ್ಡರು 1770ರ ಸೆಪ್ಟೆಂಬರ್ 30ರಂದು ಮ್ಯಾಸಚೂಸೆಟ್ಸ್ ಪ್ರಾಂತ್ಯದ ನ್ಯೂಬರಿಪೋರ್ಟಿನಲ್ಲಿ ತೀರಿಹೋದರು. ಅವರ ಮರಣಶಾಸನದ ನಿರ್ವಾಹಕರ ಕೋರಿಕೆಯಂತೆ ವೆಸ್ಲಿಯವರು ನವೆಂಬರ್ 18ರಂದು ಲಂಡನಿನಲ್ಲಿ ಸ್ಮರಣೆಯ ಪ್ರಸಂಗವನ್ನು ಮಾಡಿದರು. ಆಧಾರವಾಕ್ಯವು ಬಿಳಾಮನ ಬಾಯಿಂದ ಬಂದದ್ದು (ಅರಣ್ಯಕಾಂಡ 23:10). ಪ್ರೀತಿಯ ವಿಷಯಕ್ಕೆ ಯೇಹುವನ್ನೂ ಗೆಳೆಯನ ಮರಣದ ವಿಷಯಕ್ಕೆ ಬಿಳಾಮನನ್ನೂ ಆರಿಸಿಕೊಂಡದ್ದು ಕಾಕತಾಳೀಯವಿರಬಹುದು. ಕಲಬೆರಕೆಯ ಬಾಯಿಗಳಿಂದಲೂ ದೇವರ ಮಾತು ಹೊರಡುವುದೆಂದು ವೆಸ್ಲಿಯವರು ಅನುಭವದಿಂದ ಬಲ್ಲವರಾಗಿದ್ದರೆಂದು ಓದುವುದು ನಮಗೆ ಹೆಚ್ಚು ಇಷ್ಟ. ಆ ಪ್ರಸಂಗದಲ್ಲಿ ಅವರು ಹೊಸಜನ್ಮವನ್ನೂ ನಂಬಿಕೆಯಿಂದಾಗುವ ನೀತೀಕರಣವನ್ನೂ ವಿಟ್‌ಫೀಲ್ಡರ ಮೂಲಬೋಧನೆಗಳೆಂದು ಎತ್ತಿಹಿಡಿದು, ಇವುಗಳಿಗಿಂತ ಕಡಮೆ ಅಗತ್ಯವಾದ ಬೋಧನೆಗಳಲ್ಲಿ ದೇವರ ಮಕ್ಕಳು ಬಹುಕಾಲದಿಂದ ಭಿನ್ನವಾಗಿದ್ದಾರೆ, ಅಲ್ಲಿ ಒಬ್ಬರನ್ನೊಬ್ಬರು ಯೋಚಿಸಗೊಡಬೇಕೆಂದು ಹೇಳಿದರು. ಪೂರ್ವನಿರ್ಣಯದ ಹೆಸರೆತ್ತಲಿಲ್ಲವೆಂದು ‘ಗಾಸ್ಪೆಲ್ ಮ್ಯಾಗಜೀನ್’ ಪತ್ರಿಕೆಯವರು ಕೆರಳಿದರು.

ಅವರ ಕೆರಳಿಕೆಯಲ್ಲಿ ಪಕ್ಷಪಾತವಿದ್ದರೂ ಪ್ರಶ್ನೆಯೊಂದು ಉಳಿಯುತ್ತದೆ. 1739ರಲ್ಲಿ ದೇವದೂಷಣೆಯಾಗಿದ್ದ ಸಿದ್ಧಾಂತವು 1770ರಲ್ಲಿ ಕಡಮೆ ಅಗತ್ಯದ ಅಭಿಪ್ರಾಯವಾದದ್ದು ಹೇಗೆ? ವೆಸ್ಲಿಯವರ ಮನಸ್ಸು ಆ ಸಿದ್ಧಾಂತದ ವಿಷಯದಲ್ಲಿ ಬದಲಾಗಿರಲಿಲ್ಲ. ಅದೇ 1770ರಲ್ಲಿ ಅವರ ಸಮ್ಮೇಳನದ ನಡವಳಿಗಳು ಕಾಲ್ವಿನ್‌ಪಂಥಿಗಳೊಡನೆ ಹೊಸ ಯುದ್ಧವನ್ನು ಹೂಡಿದವು. ಅದೇ ವರ್ಷ ಅವರು ಆಗಸ್ಟಸ್ ಟಾಪ್ಲಡಿಯವರ ಗ್ರಂಥವನ್ನು ಕುಗ್ಗಿಸಿ, ಕೊನೆಗೆ ಅಣಕದ ಮಾತು ಸೇರಿಸಿ, ಟಾಪ್ಲಡಿಯವರದೇ ಹೆಸರಿನ ಮೊದಲಕ್ಷರಗಳನ್ನು ಹಾಕಿ ಪ್ರಕಟಿಸಿದ್ದರು. ಎದುರಾಳಿಯ ಬಾಯಲ್ಲಿ ತನ್ನ ಮಾತನ್ನು ತುರುಕುವುದು ಕೈಕೊಡುವ ಬಗೆಯಲ್ಲ. ಬದಲಾದದ್ದು ವ್ಯಕ್ತಿ: ಟಾಪ್ಲಡಿಯವರು ಯುವಕ, ವಿಟ್‌ಫೀಲ್ಡರು ಆಕ್ಸ್‌ಫರ್ಡಿನ ದಿನಗಳಿಂದ ಒಟ್ಟಿಗೆ ಪ್ರಾರ್ಥಿಸಿದವರು. ಹಾಗಾದರೆ ಯಾವುದು ಮೂಲ, ಯಾವುದು ಅಭಿಪ್ರಾಯ ಎಂಬ ಗೆರೆಯನ್ನು ಸ್ನೇಹವು ಎಳೆಯಿತೇ? ಎಳೆದಿದ್ದರೆ ಅದನ್ನು ನಾವು ಪೂರ್ತಿಯಾಗಿ ತೆಗಳಲಾರೆವು. ಒಬ್ಬನನ್ನು ಮೂವತ್ತು ವರ್ಷ ಪ್ರೀತಿಸಿದ ಮೇಲೆ, ಅವನು ನಂಬಿದ ದೇವರು ಸೈತಾನನಿಗಿಂತ ಕೆಟ್ಟವನಲ್ಲವೆಂದು ತಿಳಿಯುತ್ತದೆ. ಸಿದ್ಧಾಂತದ ಪುಸ್ತಕದಲ್ಲಿ ಕಾಣದ್ದು ಅವನ ಮೊಣಕಾಲುಗಳಲ್ಲಿ ಕಾಣುತ್ತದೆ. ಆದರೆ ಅಂಥ ಜ್ಞಾನವು ಗೆಳೆಯರಿಗೆ ಮಾತ್ರ ದೊರೆತರೆ ಟಾಪ್ಲಡಿಗಳ ಗತಿಯೇನು?

ಇದಕ್ಕಿಂತ ಗಂಭೀರವಾದ ಮೌನವೊಂದು ಆ ಸ್ಮರಣೆಯ ಪ್ರಸಂಗದಲ್ಲಿದೆ. ಜಾರ್ಜಿಯ ವಸಾಹತಿನಲ್ಲಿ ಮೊದಲು ಗುಲಾಮಗಿರಿಗೆ ನಿಷೇಧವಿತ್ತು. ಅದನ್ನು ತೆಗೆಯಬೇಕೆಂದು ವಾದಿಸಿದವರಲ್ಲಿ ವಿಟ್‌ಫೀಲ್ಡರೂ ಒಬ್ಬರು. 1751ರಲ್ಲಿ ನಿಷೇಧ ಹೋಯಿತು. ಅವರ ಅನಾಥಾಲಯದ ಹೊಲಗಳಲ್ಲಿ ಗುಲಾಮರು ದುಡಿದರು. ಅವರ ಮರಣಶಾಸನದ ಮೂಲಕ ಆ ಗುಲಾಮರು ಆಸ್ತಿಯೊಂದಿಗೆ ಹಂಟಿಂಗ್‌ಡನ್ನಿನ ಕೌಂಟೆಸ್ ಸೆಲೀನಾ ಅವರ ಪಾಲಿಗೆ ಹೋದರು. ಆ ಶಾಸನದ ನಿರ್ವಾಹಕರು ಕರೆದ ಪೀಠದಲ್ಲಿ ನಿಂತು ವೆಸ್ಲಿಯವರು ಅನಾಥಾಲಯವನ್ನು ಹೊಗಳಿದರು, ಗುಲಾಮರ ವಿಷಯ ಎತ್ತಲಿಲ್ಲ. ನಾಲ್ಕು ವರ್ಷಗಳ ಅನಂತರ, 1774ರಲ್ಲಿ, ‘ಗುಲಾಮಗಿರಿಯನ್ನು ಕುರಿತ ವಿಚಾರಗಳು’ ಎಂಬ ಅವರ ಕಿರುಗ್ರಂಥ ಬಂತು. 1791ರಲ್ಲಿ ಸಾಯುವುದಕ್ಕೆ ಕೆಲವೇ ದಿನಗಳ ಮುಂಚೆ ವಿಲಿಯಂ ವಿಲ್ಬರ್‌ಫೋರ್ಸರಿಗೆ ಆ ಹೋರಾಟದಲ್ಲಿ ಧೈರ್ಯ ಹೇಳಿ ಪತ್ರ ಬರೆದರು. ಆ ಮಾತು 1770ರ ನವೆಂಬರಿನಲ್ಲಿ ಬರಲಿಲ್ಲ. ಶವದ ಮುಂದೆ ದೋಷ ಎಣಿಸುವುದು ಮರ್ಯಾದೆಯಲ್ಲವೆಂಬುದು ನಿಜ. ಆದರೆ ಇಲ್ಲಿ ‘ಕ್ಯಾಥೊಲಿಕ್ ಸ್ಪಿರಿಟ್’ ಪ್ರಸಂಗದ ಕೊರತೆ ಬಯಲಾಗುತ್ತದೆ. ಅದು ಭಿನ್ನತೆಗಳನ್ನು ಎರಡೇ ಪಂಕ್ತಿಗಳಲ್ಲಿ ಕೂಡಿಸುತ್ತದೆ: ಅಭಿಪ್ರಾಯ ಮತ್ತು ಆರಾಧನಾಕ್ರಮ. ನೆರೆಯವನ ಬೆನ್ನಿನ ಮೇಲೆ ಬೀಳುವ ಭಿನ್ನತೆಗೆ ಆ ಪಂಕ್ತಿಗಳಲ್ಲಿ ಎಡೆಯಿಲ್ಲ. ಇಬ್ಬರು ಬೋಧಕರ ನಡುವೆ ಭಿನ್ನಾಭಿಪ್ರಾಯವಾಗಿ ಕಾಣುವುದು ಮೂರನೆಯವನಿಗೆ ಸರಪಣಿಯಾಗಿರಬಹುದು. ಕೈಹಿಡಿದ ಇಬ್ಬರನ್ನು ಕೇಳಿದರೆ ಅದು ತಿಳಿಯುವುದಿಲ್ಲ.

ಪೌಲನಲ್ಲಿ ಈ ಭೇದ ಸ್ಪಷ್ಟವಾಗಿದೆ, ಮತ್ತು ಎರಡೂ ಕಡೆ ಪ್ರಶ್ನೆ ಊಟದ್ದೇ ಆಗಿರುವುದು ಗಮನಾರ್ಹ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಒಬ್ಬನು ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬನು ಕಾಯಿಪಲ್ಯವನ್ನಷ್ಟೇ ತಿನ್ನುತ್ತಾನೆ. ತಿನ್ನುವವನು ಹೀನೈಸಬಾರದು, ತಿನ್ನದವನು ತೀರ್ಪುಮಾಡಬಾರದು. ಪೌಲನಿಗೆ ಸ್ವಂತ ಅಭಿಪ್ರಾಯವಿಲ್ಲವೆಂದಲ್ಲ. ಯಾವ ಪದಾರ್ಥವೂ ಸ್ವತಃ ಅಶುದ್ಧವಲ್ಲವೆಂದು ತಾನು ನಿಶ್ಚಯವಾಗಿ ಬಲ್ಲೆನೆನ್ನುತ್ತಾನೆ. ಹಾಗಿದ್ದರೂ ಸಹೋದರನನ್ನು ಎಡವಿಸುವ ಊಟವನ್ನು ಬಿಟ್ಟುಬಿಡುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯಕ್ಕೆ ಬಂದರೆ ಅದೇ ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಮುಂದೆ ಎದುರಿಸುತ್ತಾನೆ. ಅದೇ ಅಧ್ಯಾಯದ 9ನೆಯ ವಚನದಲ್ಲಿ ಯಾಕೋಬ, ಕೇಫ, ಯೋಹಾನರು ಪೌಲನಿಗೂ ಬಾರ್ನಬನಿಗೂ ಅನ್ಯೋನ್ಯತೆಯ ಬಲಗೈಯನ್ನು ಕೊಟ್ಟಿದ್ದಾರೆ. ಎರಡು ವಚನಗಳು ದಾಟುವಷ್ಟರಲ್ಲಿ, ಯೆರೂಸಲೇಮಿನಲ್ಲಿ ಕೊಟ್ಟ ಆ ಕೈಯನ್ನೇ ಪೇತ್ರನು ಅಂತಿಯೋಕ್ಯದ ಅನ್ಯಜನರ ತಟ್ಟೆಯಿಂದ ಹಿಂದೆಗೆಯುತ್ತಾನೆ. ಪೌಲನಿಗೆ ಕೊಟ್ಟ ಕೈ ಪೌಲನಿಂದ ಹಿಂದೆಗೆಯಲ್ಪಡಲಿಲ್ಲ. ಪೇತ್ರನು ಪೌಲನೊಂದಿಗೆ ಉಣ್ಣಲು ಯಾವಾಗಲೂ ಸಿದ್ಧನಾಗಿದ್ದನೆಂದೇ ಇಟ್ಟುಕೊಳ್ಳೋಣ; ಪೌಲನು ಅಷ್ಟಕ್ಕೆ ತೃಪ್ತನಾಗಲಿಲ್ಲ. ತನಗೆ ಕೊಟ್ಟ ಕೈಯನ್ನು ತನ್ನ ಪಕ್ಕದಲ್ಲಿದ್ದ ಸುನ್ನತಿಯಿಲ್ಲದವನಿಗೆ ಕೊಡುತ್ತಾರೋ ಎಂದು ನೋಡಿದನು. ರೋಮಾಪುರದಲ್ಲಿ ಊಟದ ಭೇದವು ತಿನ್ನದವನ ಮನಸ್ಸಾಕ್ಷಿಯದು. ಅಂತಿಯೋಕ್ಯದಲ್ಲಿ ಅದು ಮತ್ತೊಬ್ಬನನ್ನು ಅಶುದ್ಧನೆಂದು ಸಾರುವ ಭೇದ. ಮೊದಲನೆಯದಕ್ಕೆ ಸಹನೆ, ಎರಡನೆಯದಕ್ಕೆ ಮುಖಾಮುಖಿ.

ಭಾರತದ ಸಭೆಗೆ ಈ ಭೇದವು ಪಾಠಪುಸ್ತಕದ್ದಾಗಿ ಉಳಿಯಲಿಲ್ಲ. ತಮಿಳು ಸೀಮೆಯ ಹಳೆಯ ಸಭೆಗಳಲ್ಲಿ ಜಾತಿಗನುಸಾರವಾಗಿ ಬೇರೆ ಬೇರೆ ಕುಳಿತುಕೊಳ್ಳುವುದು, ಕರ್ತನ ಭೋಜನದ ಪಾತ್ರೆಗೆ ಹಿಂದೆಮುಂದೆ ಬರುವುದು ಬಹುಕಾಲ ನಡೆದಿತ್ತು. ಇದು ಲೌಕಿಕ ಮರ್ಯಾದೆಯೇ ಹೊರತು ಧರ್ಮದ ವಿಷಯವಲ್ಲವೆಂದು ಸೌಮ್ಯ ಮನಸ್ಸಿನ ಮಿಷನರಿಗಳು ಭಾವಿಸಿದರು. ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರರು ಅತ್ತ ಒಲಿದವರು. ಅವರ ಪೀಠಕ್ಕೆ ಮುಂದೆ ಬಂದ ಬಿಷಪ್ ಡೇನಿಯಲ್ ವಿಲ್ಸನರು 1833ರಲ್ಲಿ ಬರೆದ ಪತ್ರದಲ್ಲಿ, ಸಭೆಯೊಳಗೆ ಜಾತಿಭೇದವನ್ನು ತಡವಿಲ್ಲದೆ ಶಾಶ್ವತವಾಗಿ ಬಿಡಬೇಕೆಂದು ವಿಧಿಸಿದರು. ತಂಜಾವೂರಿನಲ್ಲಿ ಬಹುಮಂದಿ ವಿರೋಧಿಸಿ ಸಭೆಯನ್ನು ಬಿಟ್ಟರು. ಹೀಬರರ ಮೃದುತ್ವದಲ್ಲಿ ವೆಸ್ಲಿಯವರ ಸಾರ್ವತ್ರಿಕ ಮನೋಭಾವದ ಛಾಯೆ ಕಾಣುತ್ತದೆ: ಆಚಾರಗಳು ಸದ್ಯಕ್ಕೆ ಬದಿಗಿರಲಿ, ಹೃದಯವು ಯಥಾರ್ಥವಾಗಿದ್ದರೆ ಸಾಕು. ಆದರೆ ಬದಿಗಿರಿಸಲ್ಪಟ್ಟದ್ದು ಆಚಾರವಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಸಹೋದರನು. ಬದಿಗಿರಲಿ ಎಂಬ ನಿರ್ಣಯವನ್ನು ಮಾಡಿದ ಕೋಣೆಯಲ್ಲಿ ಅವನಿರಲಿಲ್ಲ.

ಆದರೂ ಎದುರುಪಕ್ಷದಲ್ಲಿ ಎಲ್ಲವೂ ಪ್ರೀತಿಯಾಗಿತ್ತೆಂದು ಹೇಳಲಾರೆವು. ಮಧುರೆಯ ಅಮೆರಿಕನ್ ಮಿಷನ್ 1847ರಲ್ಲಿ ತನ್ನ ಉಪದೇಶಿಗಳಿಗೆ ಪ್ರೇಮಭೋಜನವನ್ನು ಪರೀಕ್ಷೆಯಾಗಿಟ್ಟಿತು. ಕೆಳಜಾತಿಯೆನಿಸಿಕೊಂಡವರು ಅಡಿಗೆಮಾಡಿದ್ದನ್ನು ಒಟ್ಟಿಗೆ ಕುಳಿತು ಉಣ್ಣಬೇಕು. ಉಣ್ಣದವರು ಕೆಲಸ ಕಳೆದುಕೊಳ್ಳಬೇಕು. ಅನೇಕರು ಕಳೆದುಕೊಂಡರು. ಮದ್ರಾಸಿನ ಮಿಷನರಿ ಸಮ್ಮೇಳನವು 1850ರಲ್ಲಿ ಜಾತಿಯ ವಿರುದ್ಧ ನಿರ್ಣಯ ಮಾಡಿದಾಗ ಲೈಪ್‌ಜಿಗ್ ಮಿಷನಿನವರು ಮಾತ್ರ ಅದರೊಡನೆ ಸೇರಲಿಲ್ಲ. ಬಲವಂತದಿಂದ ಸುವಾರ್ತೆಯು ಧರ್ಮಶಾಸ್ತ್ರವಾಗುತ್ತದೆಂಬುದು ಅವರ ಅಂಜಿಕೆ. ಆ ಅಂಜಿಕೆಯಲ್ಲಿ ತಿರುಳಿದೆ. ಸಂಬಳದ ಕೈಯಲ್ಲಿ ಬಡಿಸಿದ ಅನ್ನಕ್ಕೆ ಪ್ರೇಮಭೋಜನವೆಂಬ ಹೆಸರು ಒಪ್ಪುವುದಿಲ್ಲ, ಮತ್ತು ಆ ಅನ್ನವನ್ನು ಬೇಯಿಸಿದವನನ್ನು ಯಾರಾದರೂ ಕೇಳಿದ್ದರೋ? ತನ್ನ ಕೈಯ ಅಡಿಗೆಯು ಇತರರ ಭಕ್ತಿಯನ್ನು ಅಳೆಯುವ ಸಾಧನವಾದದ್ದು ಅವನಿಗೆ ಮಾನವೋ ಅವಮಾನವೋ? ಇಷ್ಟಾದರೂ ನಮ್ಮ ತೀರ್ಪು ಮಧುರೆಯವರ ಕಡೆಗೇ ವಾಲುತ್ತದೆ. ಅವರ ವಿಧಾನವು ಕಠೋರವಾಗಿತ್ತು, ಪ್ರಶ್ನೆಯು ಸರಿಯಾಗಿತ್ತು. ಅವರು ಅಂತಿಯೋಕ್ಯವನ್ನು ಅಂತಿಯೋಕ್ಯವೆಂದು ಗುರುತಿಸಿದರು. ಲೈಪ್‌ಜಿಗಿನವರು ಅದನ್ನು ರೋಮಾಪುರವೆಂದು ತಿಳಿದರು. ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದ ನಡುವೆ ಜಾತಿಗಾಗಿ ಎಬ್ಬಿಸಿದ ಗೋಡೆಯು ಸುದ್ದಿಯಾದದ್ದು ನಮ್ಮ ಕಾಲದಲ್ಲಿಯೇ ಎಂಬುದನ್ನು ನೆನೆದರೆ, ಆ ತಪ್ಪುತಿಳಿವಳಿಕೆಯ ಬೆಲೆ ಇನ್ನೂ ತೀರಿಲ್ಲವೆಂದು ಕಾಣುತ್ತದೆ. ಇದು ತಮಿಳರ ವಿಷಯವೆಂದು ಕನ್ನಡ ಸಭೆಗಳು ಸುಮ್ಮನಿರುವಂತಿಲ್ಲ. ಮದುವೆಯ ಮಾತುಕತೆಯಲ್ಲಿ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದೆಂದು ಸಭಾಪಾಲಕರು ಬಲ್ಲರು.

ಆರಾಧನಾಕ್ರಮದ ಭಿನ್ನತೆಗೆ ಮಾತ್ರ ವೆಸ್ಲಿಯವರ ದಾರಿ ದೂರ ಸಾಗಿಸಬಲ್ಲದೆಂಬುದಕ್ಕೆ ನಮ್ಮದೇ ಸಭೆ ಸಾಕ್ಷಿ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಕೂಡಿದ 33 ಮಂದಿಯಲ್ಲಿ ಬಿಷಪ್ ಅಜರಯ್ಯನವರೂ ಇದ್ದರು. ಇಬ್ಬರ ಹೊರತು ಎಲ್ಲರೂ ಭಾರತೀಯರು. ಅಲ್ಲಿಂದ 1947ರ ಸೆಪ್ಟೆಂಬರ್ 27ರವರೆಗೆ, ಇಪ್ಪತ್ತೆಂಟು ವರ್ಷ, ಬಿಷಪರ ಕೈಯಿಂದ ಗುರುದೀಕ್ಷೆ ಪಡೆಯದವನು ಕರ್ತನ ಭೋಜನವನ್ನು ನಡಿಸಬಹುದೋ ಎಂಬ ಒಂದು ಪ್ರಶ್ನೆಯ ಸುತ್ತ ಮಾತುಕತೆ ನಡೆಯಿತು. ಅಜರಯ್ಯನವರು ಆ ದಿನವನ್ನು ಕಾಣದೆ 1945ರ ಜನವರಿ 1ರಂದು ತೀರಿಕೊಂಡರು. ಕೊನೆಗೆ ಕಂಡುಕೊಂಡ ದಾರಿ ಇದು: ಕೂಡುವ ಸಭೆಗಳ ಎಲ್ಲ ಸಭಾಪಾಲಕರನ್ನೂ ಮರುದೀಕ್ಷೆಯಿಲ್ಲದೆ ಸ್ವೀಕರಿಸುವುದು, ಮುಂದಿನ ದೀಕ್ಷೆಗಳೆಲ್ಲ ಬಿಷಪರಿಂದ ಆಗುವುದು, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಸೇವಕನನ್ನೂ ಆರಾಧನೆಯನ್ನೂ ಹೇರುವುದಿಲ್ಲವೆಂದು ವಾಗ್ದಾನ ಮಾಡುವುದು, ಹೊರಗಿನಿಂದ ಬರುವ ಸೇವಕರ ವಿಷಯವನ್ನು ಮೂವತ್ತು ವರ್ಷಗಳ ಅನಂತರ ತೀರ್ಮಾನಿಸುವುದು. ವೆಸ್ಲಿಯವರು ಅನುಕೂಲವಾದ ಕಾಲಕ್ಕೆ ಮುಂದೂಡಿದ ಮಾತುಕತೆಗೆ ಇವರು ವರ್ಷವನ್ನು ಗೊತ್ತುಮಾಡಿದರು. ತಾರೀಖಿಲ್ಲದ ಸಹನೆಯು ಬಹುಬೇಗ ಮರೆವಾಗುತ್ತದೆ. ತಾರೀಖನ್ನು ಹಾಕಿದ್ದು ಈ ಸಂವಿಧಾನದ ಜಾಣತನವೆಂದು ನಾವು ಎಣಿಸುತ್ತೇವೆ. ನಂದ್ಯಾಲದ ಆಂಗ್ಲಿಕನರಲ್ಲಿ ಬಹುಮಂದಿ ಆದರೂ ಹೊರಗುಳಿದರು. 1948ರ ಲ್ಯಾಂಬೆತ್ ಸಮ್ಮೇಳನವು ಹೊಸ ಸಭೆಗೆ ಪೂರ್ಣ ಅನ್ಯೋನ್ಯತೆಯನ್ನು ಕೊಡಲಿಲ್ಲ. ಕೂಡುವವರು ತಮ್ಮ ಹಳೆಯ ಮನೆಯವರ ಕೈಯನ್ನು ಕಳೆದುಕೊಳ್ಳುವ ಅಪಾಯವನ್ನು ತಿಳಿದೇ ಕೈಚಾಚಿದರು.

ವೆಸ್ಲಿಯವರಿಗೆ ಯೆಹೋನಾದಾಬನ ಕಥೆಯೇ ಬೇಕಾಗಿದ್ದರೆ ಯೆರೆಮೀಯನ ಗ್ರಂಥದ 35ನೆಯ ಅಧ್ಯಾಯವು ಹತ್ತಿರದಲ್ಲಿಯೇ ಇತ್ತು. ರೇಕಾಬ್ಯರ ವಿಶೇಷ ವ್ರತಗಳು ಅವರಿಗೆ ಗೊತ್ತಿದ್ದವು. ಪ್ರಸಂಗದಲ್ಲಿ ಅವುಗಳ ಪ್ರಸ್ತಾಪವೂ ಇದೆ. ಅಲ್ಲಿ ರಥವಿಲ್ಲ, ಕತ್ತಿಯಿಲ್ಲ. ಬಾಬೆಲಿನ ಸೈನ್ಯಕ್ಕೆ ಹೆದರಿ ಯೆರೂಸಲೇಮಿಗೆ ಓಡಿಬಂದ ರೇಕಾಬ್ಯರನ್ನು ಯೆರೆಮೀಯನು ದೇವಾಲಯದ ಒಂದು ಕೋಣೆಗೆ ಕರೆತಂದು ದ್ರಾಕ್ಷಾರಸ ತುಂಬಿದ ಪಾತ್ರೆಗಳನ್ನು ಮುಂದಿಟ್ಟು ಕುಡಿಯಿರಿ ಎನ್ನುತ್ತಾನೆ. ಪಿತೃವಾದ ಯೆಹೋನಾದಾಬನ ಅಪ್ಪಣೆಯಂತೆ ತಾವು ಕುಡಿಯುವವರಲ್ಲವೆಂದು ಅವರು ಹೇಳುತ್ತಾರೆ. ಯೆರೆಮೀಯನು ಅವರ ವ್ರತವನ್ನು ಕೈಕೊಳ್ಳುವುದಿಲ್ಲ. ಯೆಹೂದದವರಿಗೆ ದ್ರಾಕ್ಷಾರಸವನ್ನು ಬಿಡಿರೆಂದೂ ಬೋಧಿಸುವುದಿಲ್ಲ. ರೇಕಾಬ್ಯರೂ ಅವನ ಪಾತ್ರೆಗಳನ್ನು ಅಶುದ್ಧವೆನ್ನುವುದಿಲ್ಲ, ಅವನ ಕೋಣೆಯಿಂದ ಎದ್ದುಹೋಗುವುದಿಲ್ಲ. ಅವರ ನಿರಾಕರಣೆಯನ್ನೇ ಪ್ರವಾದಿಯು ತನ್ನ ಜನರಿಗೆ ಗುರುತಾಗಿ ಎತ್ತಿತೋರಿಸುತ್ತಾನೆ. ಮಧುರೆಯ ಪಂಕ್ತಿಯಲ್ಲಿ ಉಣ್ಣದೆ ಎದ್ದವರ ನಿರಾಕರಣೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು, ಬರುವ ಜನವರಿಯಲ್ಲಿ ಪೀಠವೇರುವವರು ಯೇಹುವಿನ ರಥವನ್ನು ಬಿಟ್ಟು ಈ ಕೋಣೆಯಿಂದ ವಿವರಿಸಬಹುದು.